ಮನಸ್ಸಿನ ಮಾತ್ರೆಯೂ ಕೊರಳಿನ ಗ್ರಂಥಿಯೂ

ಖಿನ್ನತೆಗೆ ಔಷಧ ಸೇವಿಸುತ್ತಿರುವವರ ಮನೆಗಳಲ್ಲಿ ಒಂದು ಶಂಕೆ ಪದೇ ಪದೇ ತಲೆಯೆತ್ತುವುದನ್ನು ನಾವು ಕಂಡಿದ್ದೇವೆ. ಮಾತ್ರೆ ಆರಂಭಿಸಿ ವರ್ಷ ತುಂಬುವುದರೊಳಗೆ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ದೋಷ ಕಾಣಿಸಿಕೊಳ್ಳುತ್ತದೆ. ಒಡನೆಯೇ ಬಂಧುಗಳಲ್ಲೊಬ್ಬರು, “ತಲೆಗೆ ಕೊಟ್ಟ ಮಾತ್ರೆಯೇ ಕೊರಳನ್ನು ಕೆಡಿಸಿತು, ಅದನ್ನು ಮೊದಲು ಬಿಡು” ಎಂದು ತೀರ್ಪು ಕೊಡುತ್ತಾರೆ. ಮರುದಿನದಿಂದ ಮಾತ್ರೆ ನಿಲ್ಲುತ್ತದೆ. ವಾರ ಕಳೆಯುವುದರೊಳಗಾಗಿ ತಲೆಸುತ್ತು, ನಿದ್ರಾಭಂಗ, ಕಾರಣವಿಲ್ಲದ ಅಳು ಮೊದಲಾದುವು ಆರಂಭವಾಗುತ್ತವೆ. ಅವನ್ನೂ ಥೈರಾಯ್ಡಿನ ಲೆಕ್ಕಕ್ಕೇ ಬರೆಯಲಾಗುತ್ತದೆ. ಹೀಗೆ ಒಂದು ಊಹೆಯ ಮೇಲೆ ಮತ್ತೊಂದು ಊಹೆ ಸೇರಿ, ಗುಣವಾಗುತ್ತಿದ್ದ ಜೀವವೊಂದು ಮತ್ತೆ ಹಾಸಿಗೆ ಹಿಡಿಯುವುದುಂಟು. ಈ ತಿಂಗಳ ಅಂಕಣವನ್ನು ಇದೇ ವಿಷಯಕ್ಕೆ ಮೀಸಲಿಡುವುದು ಉಚಿತವೆಂದು ನಮಗೆ ತೋರಿದೆ.

ಖಿನ್ನತೆ, ಥೈರಾಯ್ಡಿನ ಮಾಂದ್ಯ, ಔಷಧವನ್ನು ಹಠಾತ್ತಾಗಿ ಬಿಟ್ಟಾಗಿನ ತೊಂದರೆ ಎಂಬ ಈ ಮೂರೂ ಮೇಲ್ನೋಟಕ್ಕೆ ಒಂದೇ ವೇಷ ಧರಿಸಿ ಬರುತ್ತವೆ. ಮುಖ ನೋಡಿ ಅವನ್ನು ಗುರುತಿಸುವುದು ಕಷ್ಟ. ಗುರುತಿಸಲು ನೆರವಾಗುವ ಸಾಕ್ಷಿಗಳು ಎರಡು: ರಕ್ತಪರೀಕ್ಷೆ ಮತ್ತು ದಿನಾಂಕ. ಇವೆರಡನ್ನೂ ನೋಡದೆ ಮಾತ್ರೆಯನ್ನು ಬಿಡಬಾರದು ಎಂಬುದೇ ನಾವು ಇಲ್ಲಿ ಹೇಳಬಯಸುವ ಮಾತು.

ಗ್ರಂಥಿಯ ಕೆಲಸ

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಚಿಟ್ಟೆಯ ಆಕಾರದ ಪುಟ್ಟ ಗ್ರಂಥಿಯೊಂದಿದೆ. ಆಹಾರದಲ್ಲಿರುವ ಅಯೋಡಿನ್ ಅಂಶವನ್ನು ಹೀರಿಕೊಂಡು ಅದು ಟಿ-4 ಮತ್ತು ಟಿ-3 ಎಂಬ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ಟಿ-4ಕ್ಕೆ ಥೈರಾಕ್ಸಿನ್ ಎಂಬ ಹೆಸರೂ ಇದೆ. ದೇಹವೆಂಬ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವುದು ಇವುಗಳ ಕಾರ್ಯ. ಗ್ರಂಥಿಗೆ ಆಜ್ಞೆ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ. ಆ ಆಜ್ಞೆಯ ಹೆಸರು ಟಿ.ಎಸ್.ಎಚ್. ಥೈರಾಯ್ಡ್ ಸೋಮಾರಿಯಾದಷ್ಟೂ ಆಜ್ಞೆ ಗಟ್ಟಿಯಾಗುತ್ತದೆ. ಆದುದರಿಂದಲೇ ಥೈರಾಯ್ಡ್ ಮಂದವಾದವರಲ್ಲಿ ಟಿ.ಎಸ್.ಎಚ್. ಸಂಖ್ಯೆ ಏರಿರುತ್ತದೆ. ಸಂಖ್ಯೆ ಏರಿತೆಂದರೆ ಗ್ರಂಥಿ ಚುರುಕಾಯಿತೆಂದು ತಿಳಿಯುವವರಿದ್ದಾರೆ. ಅರ್ಥ ಅದಕ್ಕೆ ವಿಪರೀತವಾದುದು.

ಈ ಉರಿ ತಗ್ಗಿದಾಗ ಆಯಾಸ, ತೂಕದ ಏರಿಕೆ, ಮಲಬದ್ಧತೆ, ಚಳಿ ತಾಳಲಾಗದಿರುವುದು, ಒಣ ಚರ್ಮ, ಕೂದಲುದುರುವಿಕೆ, ಮುಟ್ಟಿನಲ್ಲಿ ಅಧಿಕ ಸ್ರಾವ ಕಾಣಿಸಿಕೊಳ್ಳುತ್ತವೆ. ಅವುಗಳೊಡನೆ ಮರೆವು, ನಿರುತ್ಸಾಹ, ಮಂಕುತನಗಳೂ ಬರುತ್ತವೆ. ಕೊನೆಯ ಮೂರನ್ನು ಮಾತ್ರ ನೋಡಿದವರು ಇದನ್ನು ಖಿನ್ನತೆಯೆಂದೇ ಬಗೆಯುವುದು ಸಹಜವಷ್ಟೆ. ಉರಿ ಮಿತಿಮೀರಿದಾಗ ಎದೆಬಡಿತ, ಕೈನಡುಕ, ನಿದ್ರೆಯಿಲ್ಲದಿರುವುದು, ತಳಮಳ ಉಂಟಾಗಿ, ಅದು ಆತಂಕದ ರೋಗದಂತೆ ಕಾಣುತ್ತದೆ. ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಅವರು 1949ರಲ್ಲಿಯೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ 14 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಥೈರಾಯ್ಡ್ ತೀರ ಕುಗ್ಗಿ ಬುದ್ಧಿಭ್ರಮಣೆಗೆ ಒಳಗಾಗಿದ್ದ ಅವರಲ್ಲಿ ಬಹುಮಂದಿ ಥೈರಾಯ್ಡ್ ಔಷಧದಿಂದಲೇ ಚೇತರಿಸಿಕೊಂಡರು. ಅಂದಿನಿಂದ, ಖಿನ್ನತೆಯೆಂದು ಬಂದವರ ಥೈರಾಯ್ಡನ್ನೂ ಒಮ್ಮೆ ನೋಡಬೇಕೆಂಬ ಅರಿವು ವೈದ್ಯರಲ್ಲಿ ದೃಢವಾಯಿತು. ಗ್ರಂಥಿಯ ಕೊರತೆಯನ್ನು ತುಂಬದೆ ಖಿನ್ನತೆಯ ಮಾತ್ರೆಯನ್ನಷ್ಟೇ ನುಂಗಿಸಿದರೆ ಅದು ತಕ್ಕ ಫಲ ಕೊಡದಿರಬಹುದು.

ಅಪವಾದ ಎಷ್ಟು, ನಿಜವೆಷ್ಟು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಖಿನ್ನತೆಯ ಮಾತ್ರೆ ಥೈರಾಯ್ಡನ್ನು ಕೆಡಿಸುತ್ತದೆಯೆ? ಉತ್ತರವು ಮಾತ್ರೆ ಯಾವುದು ಎಂಬುದನ್ನು ಅವಲಂಬಿಸಿದೆ.

ನಿಶ್ಚಯವಾಗಿ ಥೈರಾಯ್ಡನ್ನು ಬಾಧಿಸಬಲ್ಲ ಮನೋರೋಗದ ಔಷಧ ಲಿಥಿಯಂ. ಆಸ್ಟ್ರೇಲಿಯದ ಜಾನ್ ಕೇಡ್ ಅವರು ಉನ್ಮಾದಕ್ಕೆ ಇದರ ಉಪಯೋಗವನ್ನು ಪ್ರಕಟಿಸಿದ್ದೂ 1949ರಲ್ಲಿಯೇ. ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವ ರೋಗಕ್ಕೆ ಇಂದಿಗೂ ಇದು ಶ್ರೇಷ್ಠ ಮದ್ದು; ಬೇರೆ ಮಾತ್ರೆಗಳಿಂದ ಗುಣವಾಗದ ಖಿನ್ನತೆಯಲ್ಲಿ ಜೊತೆಮದ್ದಾಗಿಯೂ ಇದನ್ನು ಕೊಡುವುದುಂಟು. ಇದು ಗ್ರಂಥಿಯಿಂದ ಹಾರ್ಮೋನು ಹೊರಬರುವುದನ್ನು ತಡೆಯುತ್ತದೆ. ಲಿಥಿಯಂ ಸೇವಿಸುವವರಲ್ಲಿ ಗಳಗಂಡ ಕಾಣಿಸಿಕೊಳ್ಳುವುದೆಂಬ ವರದಿ 1968ರಲ್ಲಿ ಬಂದಿತು. ಆದುದರಿಂದ ಲಿಥಿಯಂ ಆರಂಭಿಸುವ ಮೊದಲು ಒಮ್ಮೆ, ತರುವಾಯ ಸುಮಾರು 6 ತಿಂಗಳಿಗೊಮ್ಮೆ ಟಿ.ಎಸ್.ಎಚ್. ಪರೀಕ್ಷೆ ಆಗಲೇಬೇಕು. ದೋಷ ಕಂಡುಬಂದರೆ ಲಿಥಿಯಂ ಬಿಡಿಸಲೇಬೇಕೆಂದಿಲ್ಲ. ಥೈರಾಕ್ಸಿನ್ ಮಾತ್ರೆ ಸೇರಿಸಿ ಎರಡನ್ನೂ ಮುಂದುವರಿಸುವುದು ವಾಡಿಕೆ. ಲಿಥಿಯಂ ಅನ್ನು ಥಟ್ಟನೆ ಬಿಟ್ಟರೆ ಉನ್ಮಾದ ಮರುಕಳಿಸುವ ಭಯ ಹೆಚ್ಚು.

ಇಂದು ಹೆಚ್ಚಾಗಿ ಬರೆದುಕೊಡುವ ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಫ್ಲುಯೊಕ್ಸೆಟಿನ್ ಮೊದಲಾದ ಮಾತ್ರೆಗಳ ಮಾತು ಬೇರೆ. ಇವುಗಳಿಂದ ಹಾರ್ಮೋನಿನ ಪ್ರಮಾಣದಲ್ಲಿ ಅಲ್ಪಸ್ವಲ್ಪ ಏರುಪೇರು ಕಂಡರೂ ಅದು ಸಾಮಾನ್ಯವಾಗಿ ಸಹಜ ಮಿತಿಯೊಳಗೇ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ ನೆನಪಿನಲ್ಲಿರಲಿ. ಥೈರಾಕ್ಸಿನ್ ಸೇವಿಸುತ್ತಿದ್ದ ಕೆಲವರಿಗೆ ಸರ್ಟ್ರಾಲಿನ್ ಕೊಟ್ಟಾಗ ಟಿ.ಎಸ್.ಎಚ್. ಏರಿ, ಥೈರಾಕ್ಸಿನ್ ಪ್ರಮಾಣವನ್ನು ಹೆಚ್ಚಿಸಬೇಕಾಯಿತೆಂದು 1997ರಲ್ಲಿ ಅಮೆರಿಕದ ವೈದ್ಯರು ವರದಿಮಾಡಿದರು. ಆನಂತರದ ಪರೀಕ್ಷೆಗಳು ಎಲ್ಲರಲ್ಲಿಯೂ ಹೀಗಾಗುವುದೆಂದು ತೋರಿಸಿಲ್ಲ. ಆದರೂ ಎರಡನ್ನೂ ಸೇವಿಸುವವರು, ಹೊಸ ಮಾತ್ರೆ ಸೇರಿದ 6ರಿಂದ 8 ವಾರಗಳ ಬಳಿಕ ಒಮ್ಮೆ ಟಿ.ಎಸ್.ಎಚ್. ನೋಡಿಸುವುದು ಲೇಸು.

ಹಾಗಾದರೆ ಮಾತ್ರೆ ನುಂಗುವವರಲ್ಲಿ ಇಷ್ಟೊಂದು ಮಂದಿಗೆ ಥೈರಾಯ್ಡ್ ದೋಷ ಏಕೆ? ನಮ್ಮ ದೇಶದ 8 ನಗರಗಳ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡ 11 ಮಂದಿಗೆ ಥೈರಾಯ್ಡ್ ಮಾಂದ್ಯ ಕಂಡುಬಂದಿತು. ಅದು ಹೆಂಗಸರಲ್ಲಿ ಹೆಚ್ಚು. ಖಿನ್ನತೆಯೂ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಎರಡೂ ನಡುವಯಸ್ಸಿನಲ್ಲಿ, ಒಂದೇ ಮನೆಯ ಹೊಸ್ತಿಲಲ್ಲಿ ಎದುರಾದರೆ ಒಂದನ್ನು ಇನ್ನೊಂದು ಕರೆತಂದಿತೆಂದು ಹೇಳಲಾಗದು. ಖಿನ್ನತೆಗೆಂದು ಆಸ್ಪತ್ರೆಗೆ ಹೋದುದರಿಂದಲೇ ರಕ್ತಪರೀಕ್ಷೆಯಾಗಿ, ಬಹುಕಾಲದಿಂದ ಅಡಗಿದ್ದ ದೋಷ ಬಯಲಾಗಿರುವುದೂ ಉಂಟು.

ಬಿಡುವಾಗಿನ ಬೇನೆ

ಖಿನ್ನತೆಯ ಮಾತ್ರೆಗೆ ಮದ್ಯದಂತೆ ಚಟ ಹತ್ತುವುದಿಲ್ಲ. ಇನ್ನೂ ಬೇಕು, ಇನ್ನೂ ಬೇಕು ಎಂಬ ಹಂಬಲ ಹುಟ್ಟುವುದಿಲ್ಲ. ಆದರೂ ತಿಂಗಳುಗಟ್ಟಲೆ ಮಾತ್ರೆ ಸೇವಿಸಿದಾಗ ಮೆದುಳು ಅದರ ಇರವಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡಿರುತ್ತದೆ. ಒಮ್ಮೆಲೇ ಅದನ್ನು ಕಿತ್ತುಕೊಂಡರೆ ಮತ್ತೆ ಹೊಂದಿಕೊಳ್ಳಲು ಕಾಲ ಬೇಕು. ಆ ಅವಧಿಯಲ್ಲಿ ತಲೆಸುತ್ತು, ವಾಕರಿಕೆ, ಬೆವರು, ಭಯಂಕರ ಕನಸುಗಳು, ಸಿಡಿಮಿಡಿ, ಅಳು ಉಂಟಾಗಬಹುದು. ತಲೆಯೊಳಗೆ ಕ್ಷಣಮಾತ್ರ ವಿದ್ಯುತ್ತು ಮುಟ್ಟಿದಂತೆ ‘ಜುಂ’ ಎನ್ನುವ ವಿಚಿತ್ರ ಅನುಭವವನ್ನು ಅನೇಕರು ಹೇಳಿಕೊಳ್ಳುತ್ತಾರೆ. ಈ ಕೊನೆಯದು ಥೈರಾಯ್ಡಿನ ಲಕ್ಷಣವಲ್ಲ ಎಂಬುದನ್ನು ಗಮನಿಸಬೇಕು.

ಇದು ಎಷ್ಟು ಮಂದಿಗೆ ಆಗುತ್ತದೆ? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಔಷಧ ಬಿಟ್ಟವರಲ್ಲಿ ಶೇಕಡ 31 ಮಂದಿ ಇಂತಹ ತೊಂದರೆಗಳನ್ನು ಹೇಳಿದರು. ಸ್ವಾರಸ್ಯವೆಂದರೆ, ಔಷಧವೇ ಇಲ್ಲದ ಹುಸಿಮಾತ್ರೆಯನ್ನು ಬಿಟ್ಟವರಲ್ಲಿಯೂ ಶೇಕಡ 17 ಮಂದಿ ಹಾಗೆಯೇ ಹೇಳಿದರು. ವ್ಯತ್ಯಾಸವನ್ನು ಕಳೆದು ನೋಡಿದರೆ, ಔಷಧದ ನಿಲುಗಡೆಯಿಂದಲೇ ತೊಂದರೆಪಟ್ಟವರು 6-7 ಮಂದಿಗೆ ಒಬ್ಬರು. ತೀವ್ರ ತೊಂದರೆ ಸುಮಾರು 35 ಮಂದಿಗೆ ಒಬ್ಬರಿಗೆ. ಹೆದರಿ ಕೂರಬೇಕಾದ ಸಂಖ್ಯೆಯಲ್ಲ. ಉಪೇಕ್ಷಿಸುವ ಸಂಖ್ಯೆಯೂ ಅಲ್ಲ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಂತೆ ದೇಹದಿಂದ ಬೇಗ ಹೊರಹೋಗುವ ಮಾತ್ರೆಗಳಲ್ಲಿ ಈ ಬಾಧೆ ಹೆಚ್ಚು. ದೇಹದಲ್ಲಿ ವಾರಗಟ್ಟಲೆ ಉಳಿಯುವ ಫ್ಲುಯೊಕ್ಸೆಟಿನ್‌ನಲ್ಲಿ ಕಡಿಮೆ.

ದಿನಾಂಕವೇ ಸಾಕ್ಷಿ

ಮೂರು ವೇಷಗಳನ್ನು ಬೇರ್ಪಡಿಸಲು ದಿನಾಂಕವು ನೆರವಾಗುವ ಬಗೆ ಹೀಗಿದೆ. ಮಾತ್ರೆ ಬಿಟ್ಟ ಅಥವಾ ಇಳಿಸಿದ ಕೆಲವೇ ದಿನಗಳಲ್ಲಿ ಆರಂಭವಾಗಿ, ಹಿಂದೆ ಎಂದೂ ಇಲ್ಲದಿದ್ದ ತಲೆಸುತ್ತು, ಜುಮ್ಮೆನ್ನುವಿಕೆಗಳು ಸೇರಿಕೊಂಡು, ಮಾತ್ರೆಯನ್ನು ಪುನಃ ಕೊಟ್ಟಾಗ ಬೇಗನೆ ಶಮನವಾದರೆ ಅದು ನಿಲುಗಡೆಯ ಬೇನೆ. ಹೆಚ್ಚಿನವರಲ್ಲಿ ಅದು ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ತಿಂಗಳುಗಳ ಕಾಲ ಉಳಿಯುವುದೂ ಉಂಟು. ಬಿಟ್ಟು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಳೆಯ ಬೇಸರ, ಹಳೆಯ ನಿರಾಶೆ, ಹಳೆಯ ರೀತಿಯಲ್ಲಿಯೇ ಮೆಲ್ಲಮೆಲ್ಲನೆ ಆವರಿಸಿದರೆ ಅದು ರೋಗದ ಮರುಕಳಿಕೆ. ಥೈರಾಯ್ಡ್ ಮಾಂದ್ಯವಾದರೋ ಇನ್ನೂ ನಿಧಾನಿ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ, ಅದರ ಏರಿಳಿತಗಳು ವಾರ ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತವೆ. ಸೋಮವಾರ ಮಾತ್ರೆ ಬಿಟ್ಟು ಗುರುವಾರ ತಲೆ ತಿರುಗಿದರೆ ಥೈರಾಯ್ಡನ್ನು ದೂರಿ ಪ್ರಯೋಜನವಿಲ್ಲ. ಈ ಬೇರ್ಪಡಿಕೆ ವೈದ್ಯರ ತೀರ್ಮಾನಕ್ಕೆ ನೆರವಾಗಲೆಂದೇ ಹೊರತು ಅವರನ್ನು ಕಾಣುವುದಕ್ಕೆ ಬದಲಲ್ಲ.

ಇನ್ನು ಬಿಡುವ ಕ್ರಮ. ಮೊದಲು, ಬಿಡುವ ಕಾಲ ಬಂದಿದೆಯೆ ಎಂಬುದನ್ನು ವೈದ್ಯರೊಡನೆ ಯೋಚಿಸಬೇಕು. ಮೊದಲ ಬಾರಿ ಖಿನ್ನತೆ ಬಂದವರೂ ಸಹ, ಪೂರ್ಣವಾಗಿ ಗುಣವಾದ ಬಳಿಕ ಕನಿಷ್ಠ 6 ತಿಂಗಳಾದರೂ ಔಷಧ ಮುಂದುವರಿಸಬೇಕೆಂಬುದು ಸಾಮಾನ್ಯ ನಿಯಮ. ಹಲವು ವರ್ಷ ಮಾತ್ರೆ ಸೇವಿಸಿ, ಬಿಡುವಷ್ಟು ಗುಣಮುಖರಾಗಿದ್ದೇವೆಂದು ಭಾವಿಸಿದವರ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದು ವರ್ಷದಲ್ಲಿ, ಮಾತ್ರೆ ಬಿಟ್ಟವರ ಪೈಕಿ ಶೇಕಡ 56 ಮಂದಿಗೂ, ಮುಂದುವರಿಸಿದವರ ಪೈಕಿ ಶೇಕಡ 39 ಮಂದಿಗೂ ರೋಗ ಮರುಕಳಿಸಿತು. ಬಿಟ್ಟೂ ಸುಖವಾಗಿದ್ದವರು ಹಲವರಿದ್ದರೆಂಬುದು ಇದರಿಂದಲೇ ತಿಳಿಯುತ್ತದೆ. ಬಿಡುವುದು ಅಸಾಧ್ಯವಲ್ಲ; ಅವಸರ ಸಲ್ಲದು.

ಬಿಡುವಾಗ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಲಾಟೀನಿನ ಬತ್ತಿಯನ್ನು ಇಳಿಸುವಾಗ ಮೊದಲ ತಿರುವುಗಳಲ್ಲಿ ಬೆಳಕು ಅಷ್ಟಾಗಿ ಕುಂದುವುದಿಲ್ಲ. ಕೊನೆಯಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ದೀಪ ಥಟ್ಟನೆ ಆರುತ್ತದೆ. ಈ ಮಾತ್ರೆಗಳ ಸ್ವಭಾವವೂ ಅಂಥದೇ. ಸಣ್ಣ ಪ್ರಮಾಣವೇ ಮೆದುಳಿನಲ್ಲಿ ಬಹುಪಾಲು ಕೆಲಸ ಮಾಡುತ್ತಿರುತ್ತದೆ. ಆದುದರಿಂದ 50 ಮಿಲಿಗ್ರಾಂನಿಂದ 25ಕ್ಕೆ ಸುಲಭವಾಗಿ ಇಳಿದವರು 25ರಿಂದ ಸೊನ್ನೆಗೆ ಇಳಿಯುವಾಗ ತತ್ತರಿಸುವುದುಂಟು. ಇದನ್ನು 2019ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಇಬ್ಬರು ಸಂಶೋಧಕರು ವಿಶದವಾಗಿ ತೋರಿಸಿದರು. 2020ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಸಾರ್ವಜನಿಕರಿಗಾಗಿ ಹೊರಡಿಸಿದ ಸಲಹೆಯಲ್ಲಿಯೂ ಕೊನೆಯ ಮೆಟ್ಟಿಲುಗಳನ್ನು ಚಿಕ್ಕದಾಗಿಸುವ ಕ್ರಮವಿದೆ. ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳೇ ಬೇಕು. ಒಂದು ಮೆಟ್ಟಿಲಿನಲ್ಲಿ ಬೇನೆ ಹೆಚ್ಚಾದರೆ ವೈದ್ಯರನ್ನು ಕೇಳಿ ಹಿಂದಿನ ಮೆಟ್ಟಿಲಿಗೆ ಮರಳುವುದರಲ್ಲಿ ಅವಮಾನವಿಲ್ಲ. ದಿನ ಬಿಟ್ಟು ದಿನ ನುಂಗಿ ಕಡಿಮೆ ಮಾಡುವ ಪದ್ಧತಿ ಮಾತ್ರ ಒಳಿತಲ್ಲ. ಬೇಗ ಹೊರಹೋಗುವ ಮಾತ್ರೆಗಳಲ್ಲಿ ಅದು ದಿನ ಬಿಟ್ಟು ದಿನ ಬೇನೆಯನ್ನೇ ತಂದೀತು.

ಮದುವೆ, ಹೆರಿಗೆ, ಮನೆ ಕಟ್ಟಿಸುವಿಕೆ, ಮಕ್ಕಳ ಪರೀಕ್ಷೆ ಮೊದಲಾದ ಗಡಿಬಿಡಿಯ ನಡುವೆ ಇಳಿಸುವ ಕಾರ್ಯಕ್ಕೆ ಕೈ ಹಾಕಬಾರದು. ಇಳಿಸುವ ಮೊದಲು ಒಮ್ಮೆ ಟಿ.ಎಸ್.ಎಚ್. ನೋಡಿಸಿಟ್ಟರೆ ಮುಂದೆ ಅನುಮಾನ ಬಂದಾಗ ಹೋಲಿಸಲು ಆಧಾರ ಸಿಗುತ್ತದೆ. ಸಂಖ್ಯೆ ಸ್ವಲ್ಪವೇ ಏರಿದ್ದರೆ ವೈದ್ಯರು ಕೆಲಕಾಲದ ನಂತರ ಪುನಃ ಪರೀಕ್ಷಿಸಿಯೇ ನಿರ್ಧರಿಸುವುದುಂಟು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಪರೀಕ್ಷೆಗೆ ಮೊದಲೇ ಅದನ್ನು ತಿಳಿಸಬೇಕು; ಅದು ಫಲಿತಾಂಶವನ್ನು ತಪ್ಪಾಗಿ ತೋರಿಸೀತು. ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಕಾಫಿ ತಿಂಡಿಗಳಿಗೆ ಮುನ್ನ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ 4 ಗಂಟೆಗಳ ಅಂತರವಿರಲಿ. ಗರ್ಭಿಣಿಯರು ಎರಡು ಮಾತ್ರೆಗಳಲ್ಲಿ ಯಾವುದನ್ನೂ ಸ್ವಂತ ನಿರ್ಧಾರದಿಂದ ಬಿಡಬಾರದು.

ಗಡಿಯ ಮನೆಗಳಿಗೆ ನಾಲ್ಕು ಮಾತು

ಇವೆಲ್ಲ ಎಲ್ಲ ಊರಿನವರಿಗೂ ಸಲ್ಲುವ ಮಾತುಗಳು. ಗಡಿಯಾಚೆಗಿನ ಕನ್ನಡ ಮನೆಗಳಿಗೆ ಇದರೊಡನೆ ಇನ್ನೂ ಒಂದೆರಡು ತೊಡಕುಗಳಿವೆ. ಕಾಸರಗೋಡಿನವರು ದೊಡ್ಡ ವೈದ್ಯರಿಗಾಗಿ ಮಂಗಳೂರಿಗೆ ಹೋಗುತ್ತಾರೆ, ತಾಳವಾಡಿಯವರು ಚಾಮರಾಜನಗರ, ಮೈಸೂರುಗಳಿಗೆ, ಹೊಸೂರಿನವರು ಬೆಂಗಳೂರಿಗೆ, ಆದೋನಿ, ರಾಯದುರ್ಗಗಳವರು ಬಳ್ಳಾರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೋ ಕಲಬುರಗಿಗೋ. ಮನಸ್ಸಿನ ವೈದ್ಯರು ಗಡಿಯ ಒಂದು ಬದಿಯಲ್ಲಿ, ಥೈರಾಯ್ಡಿನ ವೈದ್ಯರು ಇನ್ನೊಂದು ಬದಿಯಲ್ಲಿ ಇದ್ದಾಗ, ಒಬ್ಬರ ಚೀಟಿ ಮತ್ತೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ಮನೋರೋಗದ ಚೀಟಿಯನ್ನು ಬಚ್ಚಿಡುವ ಸಂಕೋಚವೂ ಇದಕ್ಕೆ ಸೇರುತ್ತದೆ. ಸರ್ಟ್ರಾಲಿನ್ ವಿಷಯ ತಿಳಿಯದ ವೈದ್ಯರು ಏರಿದ ಟಿ.ಎಸ್.ಎಚ್. ಸಂಖ್ಯೆಗೆ ಬೇರೆ ಕಾರಣ ಹುಡುಕುವುದು ಅವರ ತಪ್ಪಲ್ಲ.

ಇದಕ್ಕೆ ಪರಿಹಾರ ಒಂದು ನೋಟುಪುಸ್ತಕ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಂದು ಆರಂಭ, ಎಂದು ಬದಲು, ಟಿ.ಎಸ್.ಎಚ್. ಯಾವ ದಿನ ಎಷ್ಟು ಎಂಬುದನ್ನು ಒಂದೇ ಪುಟದಲ್ಲಿ ಬರೆದು, ಯಾವ ವೈದ್ಯರಲ್ಲಿಗೆ ಹೋದರೂ ಮುಂದಿಡಬೇಕು. ಭಾಷೆ ಬೇರೆಯಾದರೂ ಅಂಕಿಗಳಿಗೆ ದುಭಾಷಿ ಬೇಡ.

ದುಭಾಷಿಯ ಮಾತೂ ಬಂದಿತಾದುದರಿಂದ ಹೇಳುತ್ತೇವೆ. ನಮ್ಮ ಮನೆಗಳಲ್ಲಿ ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ಚೆನ್ನಾಗಿ ಬಲ್ಲವರು ಶಾಲೆಗೆ ಹೋಗುವ ಮಕ್ಕಳು. ಅಜ್ಜಿಯನ್ನೋ ತಾಯಿಯನ್ನೋ ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ. ಮುಟ್ಟಿನ ಮಾತನ್ನೂ, ಬದುಕು ಸಾಕೆನಿಸಿದೆಯೆಂಬ ಮಾತನ್ನೂ ಹದಿನಾಲ್ಕರ ಮಗನ ಬಾಯಿಂದ ವೈದ್ಯರಿಗೆ ಹೇಳಿಸಲು ಯಾವ ತಾಯಿ ಒಪ್ಪಿಯಾಳು? ಅವಳು ಮೌನವಾಗುತ್ತಾಳೆ, ಚೀಟಿ ಅರ್ಧ ಸತ್ಯದ ಮೇಲೆ ಸಿದ್ಧವಾಗುತ್ತದೆ. ಇಂತಹ ಭೇಟಿಗೆ ಅಕ್ಕನೋ ಅತ್ತಿಗೆಯೋ ನೆರೆಮನೆಯ ವಿಶ್ವಾಸದ ಹೆಣ್ಣುಮಗಳೋ ಜೊತೆಯಾಗುವುದು ಒಳ್ಳೆಯದು. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಸಾಯುವ ಆಲೋಚನೆ ಸುಳಿದರೆ ಸರದಿಯ ದಿನಕ್ಕೆ ಕಾಯದೆ ಈ ಸಂಖ್ಯೆಗೆ ಕರೆಮಾಡಬೇಕು, ಇಲ್ಲವೆ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಅಂಥವರನ್ನು ಒಂಟಿಯಾಗಿ ಬಿಡಬಾರದು.

ಇನ್ನೊಂದು ಮಾತು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಓದುಗರು ಮರೆತಿರಲಾರರು. ಮಾತ್ರೆ ದೊರೆಯದೆ ನಿಂತರೂ ಬಿಡುವಾಗಿನ ಬೇನೆ ಬರಬಹುದು. ಆದುದರಿಂದ ಎರಡು ವಾರಗಳಿಗೆ ಸಾಲುವಷ್ಟು ಮಾತ್ರೆ ಮನೆಯಲ್ಲಿ ಸದಾ ಇರಲಿ. ಬದುಕು ಬೇಡವೆಂಬ ಮಾತಾಡಿದವರಿದ್ದರೆ ಅದನ್ನು ಮನೆಯ ಬೇರೊಬ್ಬರು ಜೋಪಾನವಾಗಿಡಲಿ. ಚೀಟಿಯ ಪ್ರತಿಯೊಂದನ್ನು ತೆಗೆದಿರಿಸಿಕೊಳ್ಳಿರಿ. ಗಡಿಯ ಈಚೆಗೂ ಒಬ್ಬ ವೈದ್ಯರಿಗೆ ಆ ವಿಷಯ ಗೊತ್ತಿರಲಿ.

ಥೈರಾಯ್ಡಿನ ಮಾತ್ರೆಯನ್ನು ಊಟದ ಮೇಜಿನ ಮೇಲೆ ಎಲ್ಲರೆದುರಿಗೆ ಇಡುವ ಮನೆಯೇ ಮನಸ್ಸಿನ ಮಾತ್ರೆಯನ್ನು ಸೀರೆಗಳ ನಡುವೆ ಅಡಗಿಸುತ್ತದೆ. ಅಡಗಿಸಿಟ್ಟ ಮಾತ್ರೆ ಒಂದು ದಿನ ಮರೆತುಹೋಗುತ್ತದೆ, ಮತ್ತೊಂದು ದಿನ ಮುಗಿದುಹೋಗುತ್ತದೆ, ಕೊನೆಗೆ ಯಾರಿಗೂ ತಿಳಿಯದಂತೆ ನಿಂತುಹೋಗುತ್ತದೆ. ಎರಡು ಮಾತ್ರೆಗಳನ್ನೂ ಒಂದೇ ಡಬ್ಬಿಯಲ್ಲಿಡುವ ಧೈರ್ಯ ಮನೆಯವರಿಗೆ ಬಂದ ದಿನ, ಅರ್ಧ ಚಿಕಿತ್ಸೆ ಆದಂತೆಯೇ ಎಂದು ನಾವು ನಂಬಿದ್ದೇವೆ. ಉಳಿದರ್ಧವನ್ನು ವೈದ್ಯರಿಗೂ ಕಾಲಕ್ಕೂ ಬಿಡೋಣ.